ಬ್ರಿಜ್ ಎದ್ದ ಗಿಟಾರ್: ಮನೆಯಲ್ಲೇ ದುರಸ್ತಿ, ಆಮೇಲೆ ಮನೆಯಲ್ಲೇ ತಯಾರಿ – ಸಲಹೆ ಬೇಕು

ಕರಾವಳಿತಂತಿ (ಉಡುಪಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಉಕ್ಕಿನ ತಂತಿಯ ಸಾಧಾರಣ ದರ್ಜೆಯ ಅಕೂಸ್ಟಿಕ್ ಗಿಟಾರ್ ಒಂದಿದೆ. ಈ ಮಳೆಗಾಲದಲ್ಲಿ ಅದರ ಬ್ರಿಜ್ (ತಂತಿಗಳ ತುದಿಯನ್ನು ಹಿಡಿಯುವ, ಮೇಲ್ಹಲಗೆಗೆ ಅಂಟಿಸಿದ ಮರದ ತುಂಡು) ಹಿಂಬದಿಯಿಂದ ಮೇಲೆದ್ದಿದೆ, ಬ್ರಿಜ್‌ನ ಹಿಂದಿನ ಹಲಗೆಯೂ ತುಸು ಉಬ್ಬಿದಂತೆ ಕಾಣುತ್ತಿದೆ. ಹನ್ನೆರಡನೆಯ ಫ್ರೆಟ್‌ನ (ನೆಕ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆ ದಪ್ಪ ತಂತಿಯ ಎತ್ತರ 4.5 ಮಿ.ಮೀ. ಆಗಿರುವುದರಿಂದ ಮಗಳಿಗೆ ಬಾರ್ ಕಾರ್ಡ್ (ಒಂದೇ ಬೆರಳಿನಿಂದ ತಂತಿಗಳನ್ನೆಲ್ಲ ಅಡ್ಡಕ್ಕೆ ಒತ್ತುವ ಹಿಡಿತ) ಹಿಡಿಯಲು ಆಗುತ್ತಿಲ್ಲ. ಅಂಗಡಿಯಲ್ಲಿ ಕೇಳಿದರೆ, ಇದಕ್ಕೆ ಖರ್ಚು ಮಾಡುವ ಬದಲು ಹೊಸದನ್ನೇ ಕೊಳ್ಳಿ ಎಂದರು.

ನನಗೆ ಮರಗೆಲಸದ ಪರಿಚಯ ಇದೆ. ಮನೆಯ ಹಿಂದಿನ ಹಳೆಯ ಕೊಟ್ಟಿಗೆಯನ್ನು ಕಾರ್ಯಾಗಾರ ಮಾಡಿಕೊಂಡಿದ್ದೇನೆ. ತೋಪಡ, ಉಳಿಗಳು, ಸಣ್ಣ ಬ್ಯಾಂಡ್ ಸಾ ಮತ್ತು ಸಾಕಷ್ಟು ಕ್ಲಾಂಪ್‌ಗಳಿವೆ. ಮೊದಲು ಈ ಗಿಟಾರನ್ನು ಸರಿಪಡಿಸಿ, ಆಮೇಲೆ ನಿಧಾನವಾಗಿ ಒಂದನ್ನು ಮೊದಲಿನಿಂದ ಕಟ್ಟಬೇಕೆಂಬ ಆಸೆ. ಬ್ರಿಜ್ ಕೂರಿಸಲು ಯಾವ ಅಂಟು ಬಳಸಬೇಕು, ನಮ್ಮ ಕಡೆಯ ತೇವದ ಹವೆಯಲ್ಲಿ ಗಿಟಾರ್ ಕಟ್ಟುವುದು ಸಾಧ್ಯವೇ, ಇಲ್ಲಿ ಸಿಗುವ ಮರಗಳಲ್ಲಿ ಯಾವುದು ಯೋಗ್ಯ ಎಂಬುದನ್ನು ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉಳಿಸುತ್ತಿಗೆ (ಬೆಂಗಳೂರು)

ನಮಸ್ಕಾರ. ಅಂಟಿನ ಮಾತು ಆಮೇಲೆ. ಬ್ರಿಜ್ ಏಕೆ ಎದ್ದಿತು ಎಂಬುದು ಗೊತ್ತಾಗುವ ತನಕ ಅಂಟಿನ ಡಬ್ಬಿಯ ಮುಚ್ಚಳ ತೆಗೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಕಾರಣ ಹಾಗೆಯೇ ಉಳಿದರೆ ಎಂತಹ ಅಂಟು ಹಾಕಿದರೂ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಬಿಡುತ್ತದೆ.

ಮೊದಲು ತಂತಿಗಳನ್ನು ಸಡಿಲಿಸಿ. ಆಮೇಲೆ ತೆಳುವಾದ ಕಾಗದವೊಂದನ್ನು ಬ್ರಿಜ್‌ನ ಹಿಂದಿನ ಅಂಚಿನಿಂದ ಒಳಗೆ ತೂರಿಸಿ, ಅದು ಎಷ್ಟು ದೂರ ಹೋಗುತ್ತದೆ ಎಂದು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ಎರಡು ಮೂರು ಮಿ.ಮೀ. ಮಾತ್ರ ಹೋದರೆ ಸದ್ಯಕ್ಕೆ ಹಾಗೆಯೇ ಬಿಡಬಹುದು. ತಂತಿಗಳನ್ನು ಬ್ರಿಜ್‌ಗೆ ಸಿಕ್ಕಿಸುವ ಪಿನ್ನುಗಳ ಸಾಲಿನ ತನಕ ಹೋದರೆ ಬ್ರಿಜ್ಜನ್ನು ಪೂರ್ತಿ ತೆಗೆದು ಮತ್ತೆ ಕೂರಿಸಲೇಬೇಕು. ಸಂದಿಗೆ ಸೂಪರ್ ಗ್ಲೂ ಸುರಿಯುವ ವಿಡಿಯೋಗಳು ಬೇಕಾದಷ್ಟಿವೆ. ಅವುಗಳನ್ನು ನೋಡಿ ಕೈ ಹಾಕಿದ ಗಿಟಾರುಗಳೇ ನಮ್ಮಂಥವರ ಬಳಿಗೆ ಹೆಚ್ಚಾಗಿ ಬರುತ್ತವೆ.

ಎರಡನೆಯದಾಗಿ, ಮೊಬೈಲಿನ ಬೆಳಕು ಮತ್ತು ಚಿಕ್ಕ ಕನ್ನಡಿಯನ್ನು ಸೌಂಡ್‌ಹೋಲ್ (ಮೇಲ್ಹಲಗೆಯ ದುಂಡು ತೂತು) ಮೂಲಕ ಒಳಗೆ ಹಿಡಿದು ಬ್ರಿಜ್ ಪ್ಲೇಟನ್ನೂ (ಬ್ರಿಜ್‌ನ ಅಡಿಗೆ ಒಳಗಿನಿಂದ ಅಂಟಿಸಿದ ಮರದ ಪಟ್ಟಿ) ಅದರ ಅಕ್ಕಪಕ್ಕದ ಬ್ರೇಸ್‌ಗಳನ್ನೂ (ಮೇಲ್ಹಲಗೆಗೆ ಒಳಗಿನಿಂದ ಬಲ ಕೊಡುವ ಮರದ ಪಟ್ಟಿಗಳು) ನೋಡಿ. ಮೇಲ್ಹಲಗೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ. ಬ್ರೇಸ್ ಬಿಟ್ಟಿರುವ ಜಾಗದಲ್ಲಿ ಜರ್ ಎಂಬ ಸದ್ದು ಬರುತ್ತದೆ. ಹಲಗೆ ಉಬ್ಬಿದೆ ಎಂದಿದ್ದೀರಿ. ಉಕ್ಕಿನ ತಂತಿ ಇರುವ ಗಿಟಾರಿನ ಮೇಲ್ಹಲಗೆ ಚಪ್ಪಟೆಯಾಗಿರುವುದಿಲ್ಲ, ತುಸು ಕಮಾನಿನಂತೆ ಇರುವುದೇ ಸಹಜ. ಆದ್ದರಿಂದ ಉಬ್ಬು ಹೊಸದೋ ಹುಟ್ಟಿನಿಂದ ಬಂದದ್ದೋ ಎಂಬುದನ್ನು ಬ್ರೇಸ್ ನೋಡಿಯೇ ತೀರ್ಮಾನಿಸಬೇಕು.

ಮೂರನೆಯದು ನೆಕ್. ತಂತಿಯನ್ನು ಶ್ರುತಿಗೆ ತಂದು, ಮೊದಲನೆಯ ಫ್ರೆಟ್‌ನಲ್ಲಿಯೂ ಹದಿನಾಲ್ಕನೆಯ ಫ್ರೆಟ್‌ನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದು, ಏಳನೆಯ ಫ್ರೆಟ್‌ಗೂ ತಂತಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಲೋಹದ ಪಟ್ಟಿಗಳ ಕಟ್ಟು) ಅಳೆಯಿರಿ. 0.1ರಿಂದ 0.3 ಮಿ.ಮೀ. ಇದ್ದರೆ ಸರಿ. ಬ್ರಿಜ್ ಎದ್ದಿರುವಾಗ ಹೀಗೆ ಶ್ರುತಿಗೆ ಏರಿಸುವುದು ಐದು ನಿಮಿಷದ ಮಟ್ಟಿಗೆ ಮಾತ್ರ. ಫೀಲರ್ ಗೇಜನ್ನು ಗಿಟಾರ್ ಉಪಕರಣವೆಂದು ದುಬಾರಿ ಬೆಲೆಗೆ ಕೊಳ್ಳಬೇಕಿಲ್ಲ. ವಾಹನದ ಬಿಡಿಭಾಗ ಮಾರುವ ಅಂಗಡಿಗಳಲ್ಲಿ, ಬೆಂಗಳೂರಿನವರಿಗಾದರೆ ಜೆ.ಸಿ. ರಸ್ತೆಯಲ್ಲಿ, ಅದು ಸುಲಭವಾಗಿ ಸಿಗುತ್ತದೆ.

ಈ ಅಳತೆಗಳನ್ನು ಇಲ್ಲಿ ಬರೆಯಿರಿ. ತಂತಿಯ ಎತ್ತರ ಹೆಚ್ಚಾಗಿದೆ ಎಂದು ಟ್ರಸ್ ರಾಡನ್ನು (ನೆಕ್‌ನೊಳಗಿನ ಲೋಹದ ಸರಳು) ತಿರುಗಿಸಲು ಹೋಗಬೇಡಿ. ಗಿಬ್ಸನ್ ಕಂಪನಿ 1923ರಲ್ಲಿ ಪೇಟೆಂಟ್ ಪಡೆದ ಕಾಲದಿಂದಲೂ ಅದರ ಕೆಲಸ ನೆಕ್‌ನ ಬಾಗನ್ನು ಹದದಲ್ಲಿ ಇಡುವುದು ಮಾತ್ರ. ತಂತಿಯ ಎತ್ತರವನ್ನು ಸ್ಯಾಡಲ್ (ಬ್ರಿಜ್‌ನ ಮೇಲೆ ತಂತಿ ಕೂರುವ ಪಟ್ಟಿ) ಮತ್ತು ನಟ್‌ಗಳಲ್ಲಿ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸರಿಪಡಿಸಬೇಕು.

ಹಲಸಿನಹಲಗೆ (ಶಿರಸಿ)

ಉಳಿಸುತ್ತಿಗೆಯವರ ಮಾತು ಒಪ್ಪುತ್ತೇನೆ, ಆದರೆ ಅಂಟಿನ ಬಗ್ಗೆ ನನಗೊಂದು ಸಂದೇಹ. ನಾವು ಬಾಗಿಲು, ಮಂಚ, ಕಪಾಟುಗಳಿಗೆಲ್ಲ ಬಳಸುವುದು ಪೇಟೆಯಲ್ಲಿ ಸಿಗುವ ಬಿಳಿ ಅಂಟನ್ನೇ. ಆ ಜೋಡಣೆಗಳು ಇಪ್ಪತ್ತು ಮೂವತ್ತು ವರ್ಷಗಳಿಂದ ಅಲುಗಾಡದೆ ನಿಂತಿವೆ; ಎಳೆದರೆ ಮರ ಸೀಳುತ್ತದೆಯೇ ಹೊರತು ಅಂಟು ಬಿಡುವುದಿಲ್ಲ. ಗಿಟಾರಿಗೆ ಮಾತ್ರ ಅದು ಆಗದು ಎನ್ನುವುದು ರೂಢಿಯ ಮಾತೋ, ಅದಕ್ಕೆ ಕಾರಣವಿದೆಯೋ?

ಉಳಿಸುತ್ತಿಗೆ (ಬೆಂಗಳೂರು)

ಕಾರಣವಿದೆ. ಬಾಗಿಲಿನ ಜೋಡಣೆಯಲ್ಲಿ ಭಾರವನ್ನು ಹೊರುವುದು ಕಚ್ಚು ಮತ್ತು ಗೂಟ. ಅಂಟು ಅವುಗಳನ್ನು ಹಿಡಿದಿಟ್ಟರೆ ಸಾಕು. ಬ್ರಿಜ್‌ಗೆ ಅಂತಹ ಆಸರೆಯಿಲ್ಲ. ಅದು ಚಪ್ಪಟೆ ಹಲಗೆಯ ಮೇಲೆ ಕೂತ ಚಪ್ಪಟೆ ತುಂಡು. 12-53 ದಪ್ಪದ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಒಂದು ಸೆಟ್ ಉಕ್ಕಿನ ತಂತಿ ಶ್ರುತಿಗೆ ಬಂದಾಗ ಒಟ್ಟು ಎಳೆತ ಸುಮಾರು 70 ಕಿಲೋ ಆಗುತ್ತದೆ. ನೈಲಾನ್ ತಂತಿಯ ಗಿಟಾರಿನಲ್ಲಿ ಅದು ಸುಮಾರು 40 ಕಿಲೋ. ಈ ಎಳೆತ ಹಗಲು ರಾತ್ರಿ, ವರ್ಷವಿಡೀ, ಒಂದೇ ದಿಕ್ಕಿನಲ್ಲಿ ಇರುತ್ತದೆ. ಬಿಳಿ ಅಂಟು ಒಣಗಿದ ಮೇಲೂ ತುಸು ಮೆತುವಾಗಿಯೇ ಇರುವುದರಿಂದ ಇಂತಹ ನಿರಂತರ ಎಳೆತಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜರಗುತ್ತದೆ, ಸೆಖೆಗಾಲದಲ್ಲಿ ಇನ್ನಷ್ಟು. ನಿಮ್ಮ ಕಪಾಟಿನಲ್ಲಿ ಅರ್ಧ ಮಿ.ಮೀ. ಜರಗಿದರೆ ಯಾರಿಗೂ ತಿಳಿಯದು, ಗಿಟಾರಿನಲ್ಲಿ ಅಷ್ಟಕ್ಕೇ ಸ್ವರ ಕೆಡುತ್ತದೆ.

ಹಳೆಯ ಬಡಗಿಗಳು ಬಳಸುತ್ತಿದ್ದ ಸರೇಸು, ಅಂದರೆ ಚರ್ಮ ಮತ್ತು ಎಲುಬಿನಿಂದ ಮಾಡಿದ ಅಂಟು, ಒಣಗಿದ ಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ, ಜರಗುವುದಿಲ್ಲ. ಬೇಕೆಂದಾಗ ಬಿಸಿ ಮತ್ತು ನೀರಿನಿಂದ ಬಿಡಿಸಲೂಬಹುದು. ಆದರೆ ಅದನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುದಿಯಲು ಬಿಡದೆ, ಇಟ್ಟುಕೊಳ್ಳಬೇಕು. ಹಚ್ಚಿದ ಮೇಲೆ ಕ್ಲಾಂಪ್ ಬಿಗಿಯಲು ಒಂದು ನಿಮಿಷವೂ ಸಿಗುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ನೆನೆಸಿಟ್ಟ ಸರೇಸಿಗೆ ಬೂಸ್ಟು ಬರುತ್ತದೆ ಎಂಬುದೂ ನಿಜ. ಮೊದಲ ಬಾರಿ ಮಾಡುವವರಿಗೆ ನನ್ನ ಸಲಹೆ ಹಳದಿ ಬಣ್ಣದ ಅಲಿಫಾಟಿಕ್ ರೆಸಿನ್ ಅಂಟು, ಉದಾಹರಣೆಗೆ ಟೈಟ್‌ಬಾಂಡ್ ಒರಿಜಿನಲ್. ನೀರು ತಡೆಯುವ ಅದರ ಮುಂದಿನ ತಳಿಗಳು ಬೇಡ. ಮುಂದೊಂದು ದಿನ ಬ್ರಿಜ್ ಬಿಡಿಸಬೇಕಾದವರಿಗೆ ಅವು ಕಾಟ ಕೊಡುತ್ತವೆ. ಎಪಾಕ್ಸಿಯಂತೂ ಖಂಡಿತ ಬೇಡ.

ಹಿಮದೂರು (ಮಿನ್ನೆಸೋಟ)

ನಾನು ಕರಾವಳಿಯಲ್ಲೇ ಹುಟ್ಟಿ ಬೆಳೆದವನು. ಈಗಿರುವ ಊರಿನಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗಿನ ಸಾಪೇಕ್ಷ ಆರ್ದ್ರತೆ 20 ಶೇಕಡಾಕ್ಕೆ ಇಳಿಯುತ್ತದೆ. ಉಡುಪಿಯಲ್ಲಿ ಜುಲೈ ತಿಂಗಳಲ್ಲಿ ಅದು 85 ದಾಟುತ್ತದೆ. ತೇವ ಹೆಚ್ಚಾದಾಗ ಮೇಲ್ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ, ಒಳಗಿನ ಬ್ರೇಸ್ ಹಿಗ್ಗುವುದಿಲ್ಲ, ಹಾಗಾಗಿ ಹಲಗೆ ಮೇಲಕ್ಕೆ ಉಬ್ಬಿ ತಂತಿಯನ್ನು ಎತ್ತುತ್ತದೆ. ಒಣಗಿದಾಗ ಅದೇ ಹಲಗೆ ಕುಗ್ಗಿ ತಗ್ಗಾಗುತ್ತದೆ, ಫ್ರೆಟ್‌ಗಳ ತುದಿ ನೆಕ್‌ನ ಅಂಚಿನಿಂದ ಹೊರಗೆ ಚಾಚಿ ಕೈಗೆ ತರಚುತ್ತದೆ, ಕುಗ್ಗುವಿಕೆ ಮಿತಿಮೀರಿದರೆ ಎಳೆಗುಂಟ ಬಿರುಕು ಬಿಡುತ್ತದೆ. ಎರಡರಲ್ಲಿ ಒಣಹವೆಯೇ ಹೆಚ್ಚು ಅಪಾಯ, ಏಕೆಂದರೆ ಉಬ್ಬಿದ ಹಲಗೆ ಇಳಿಯಬಹುದು, ಬಿರಿದ ಹಲಗೆ ತಾನಾಗಿ ಕೂಡದು.

ಆದ್ದರಿಂದಲೇ ತಯಾರಕರು ಬ್ರೇಸ್ ಅಂಟಿಸುವ ಕೆಲಸವನ್ನು 40ರಿಂದ 50 ಶೇಕಡಾ ಆರ್ದ್ರತೆಯಲ್ಲಿ ಮಾತ್ರ ಮಾಡುತ್ತಾರೆ. ಉಡುಪಿಯಲ್ಲಿ ಆಗಸ್ಟ್ ತಿಂಗಳಲ್ಲಿ ಬ್ರೇಸ್ ಅಂಟಿಸಿದ ಗಿಟಾರನ್ನು ಏಪ್ರಿಲ್‌ನಲ್ಲಿ ಕಲಬುರಗಿಗೋ ಬಳ್ಳಾರಿಗೋ ಕೊಂಡೊಯ್ದರೆ ಅದು ಬಿರಿಯುವುದು ಹೆಚ್ಚುಕಡಿಮೆ ಖಚಿತ. ಕೊಟ್ಟಿಗೆ ಪೂರ್ತಿ ಒಣಗಿಸುವ ಸಾಹಸ ಬೇಡ. ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆ ಮಾಡಿ, ಅದರೊಳಗೆ ಚಿಕ್ಕ ಡಿಹ್ಯುಮಿಡಿಫೈಯರ್ ಅಥವಾ ಹಳೆಯ ಕಾಲದ 40 ವ್ಯಾಟಿನ ಬಲ್ಬನ್ನು ಮರಕ್ಕೆ ತಗಲದಂತೆ ಇಟ್ಟು, ಹಲಗೆ ಮತ್ತು ಬ್ರೇಸ್‌ಗಳನ್ನು ಕೆಲವು ವಾರ ಮೊದಲೇ ಅದರಲ್ಲಿ ಇಡಿ. ಅಂಟಿಸುವ ದಿನ ಹೊರತೆಗೆದು, ಕೆಲಸ ಮುಗಿಸಿ, ಮತ್ತೆ ಒಳಗಿಡಿ. ಡಿಸೆಂಬರಿನಿಂದ ಫೆಬ್ರವರಿಯ ತನಕ ನಿಮ್ಮಲ್ಲೂ ಈ ಕೆಲಸ ಸಲೀಸು.

ಆರ್ದ್ರತಾಮಾಪಕದ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಸೀಸೆಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ಮಾತ್ರ ನೀರು ಬೆರೆಸಿ, ಮಾಪಕದ ಜೊತೆಗೆ ಗಾಳಿಯಾಡದ ಚೀಲದಲ್ಲಿ ಒಂದು ರಾತ್ರಿ ಇಡಿ. ಒಳಗಿನ ಆರ್ದ್ರತೆ 75 ಶೇಕಡಾದಲ್ಲಿ ನಿಲ್ಲುತ್ತದೆ. ನಿಮ್ಮ ಮಾಪಕ 81 ತೋರಿಸಿದರೆ ಅದು 6 ಹೆಚ್ಚು ಹೇಳುತ್ತಿದೆ ಎಂದರ್ಥ. ಮುಂದೆ ಅಷ್ಟನ್ನು ಕಳೆದು ಓದಿ.

ಸ್ಪಷ್ಟನುಡಿ (ಹುಬ್ಬಳ್ಳಿ)

ಎಲ್ಲರೂ ಬಹಳ ಉತ್ಸಾಹದಿಂದ ಬರೆಯುತ್ತಿದ್ದೀರಿ. ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ. ಪ್ಲೈವುಡ್ ಹಲಗೆಯ ಅಗ್ಗದ ಗಿಟಾರಿಗೆ ಇಷ್ಟೆಲ್ಲ ಶ್ರಮ ಹಾಕಿದರೂ ಅದರ ನಾದ ಇದ್ದಷ್ಟೇ ಇರುತ್ತದೆ. ಆ ಸಮಯವನ್ನು ಹೊಸದೊಂದನ್ನು ಕಟ್ಟಲು ಬಳಸುವುದು ಲೇಸು. ಅದರಲ್ಲೂ ಮೊದಲ ತಯಾರಿಗೆ ಗಟ್ಟಿದೇಹದ ಎಲೆಕ್ಟ್ರಿಕ್ ಗಿಟಾರೇ ಸೂಕ್ತ. ಪಕ್ಕೆ ಬಗ್ಗಿಸುವ ಗೋಜಿಲ್ಲ, ಬ್ರೇಸ್ ಇಲ್ಲ, ಹಲಗೆಯ ದಪ್ಪವನ್ನು ಅರ್ಧ ಮಿ.ಮೀ. ಲೆಕ್ಕದಲ್ಲಿ ನೋಡಬೇಕಿಲ್ಲ, ತೇವದ ಕಾಟವೂ ಕಡಿಮೆ. 45 ಮಿ.ಮೀ. ದಪ್ಪದ ಹಲಗೆ, ತಿರುಪಿನಿಂದ ಬಿಗಿಯುವ ನೆಕ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ವೈರು ಮತ್ತು ಪೊಟೆನ್ಶಿಯೋಮೀಟರ್ ಇದ್ದರೆ ಅರ್ಧ ಕೆಲಸ ಆದಂತೆಯೇ. ತಂತಿಯ ಕಂಪನ ಹಿಡಿಯುವ ಪಿಕಪ್ ಒಂದೇ ಸುರುಳಿಯದಾದರೆ (ಸಿಂಗಲ್ ಕಾಯಿಲ್) ಪೊಟೆನ್ಶಿಯೋಮೀಟರ್ 250 ಕಿಲೋಓಮ್, ಎರಡು ಸುರುಳಿಯ ಹಂಬಕರ್ ಆದರೆ 500. ಬ್ರಿಜ್‌ನಿಂದ ಗ್ರೌಂಡಿಗೆ ಒಂದು ವೈರು ಎಳೆಯುವುದನ್ನು ಮರೆಯದಿದ್ದರೆ ಹಮ್ ಎನ್ನುವ ಸದ್ದೂ ಬಹುಪಾಲು ಹೋಗುತ್ತದೆ.

ಉಳಿಸುತ್ತಿಗೆ (ಬೆಂಗಳೂರು)

ಎಲೆಕ್ಟ್ರಿಕ್ ಸುಲಭ ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಕರಾವಳಿತಂತಿಯವರ ಮನೆಯಲ್ಲಿ ನುಡಿಸಬೇಕಾದ ವಾದ್ಯ ಇರುವುದು ಅಕೂಸ್ಟಿಕ್. ಅಗ್ಗದ ಗಿಟಾರಿನ ದುರಸ್ತಿ ವ್ಯರ್ಥ ಎಂಬ ಮಾತನ್ನಂತೂ ನಾನು ಒಪ್ಪಲಾರೆ. ಬ್ರಿಜ್ ಬಿಡಿಸುವಾಗ ಒಳಗಿನ ಬ್ರೇಸ್‌ಗಳ ವಿನ್ಯಾಸ ಕಣ್ಣಿಗೆ ಬೀಳುತ್ತದೆ, ಬ್ರಿಜ್ ಮತ್ತೆ ಕೂರಿಸುವಾಗ ಸ್ಕೇಲಿನ (ನಟ್‌ನಿಂದ ಸ್ಯಾಡಲ್‌ವರೆಗಿನ ಉದ್ದ) ಅಳತೆ ಕೈಗೆ ಹತ್ತುತ್ತದೆ, ನಟ್ ಕೊರೆಯುವಾಗ ಅರದ ಒಂದೇ ಎಳೆತಕ್ಕೆ ತಂತಿ ಎಷ್ಟು ಇಳಿಯುತ್ತದೆ ಎಂಬ ಅಂದಾಜು ಬರುತ್ತದೆ. ಸಾವಿರಾರು ರೂಪಾಯಿಯ ಸ್ಪ್ರೂಸ್ ಹಲಗೆಯ ಮೇಲೆ ಇವನ್ನು ಕಲಿಯುವುದಕ್ಕಿಂತ ಇದು ಮೇಲು. ನಾದ ಬದಲಾಗದಿರಬಹುದು, ಆದರೆ 4.5 ಮಿ.ಮೀ. ಎತ್ತರದ ತಂತಿ 2.5ಕ್ಕೆ ಇಳಿದರೆ ಮಗು ಗಿಟಾರ್ ಕಲಿಯುವುದನ್ನು ಬಿಡುವುದಿಲ್ಲ.

ವೀಣೆಮೇಣ (ಮೈಸೂರು)

ನಮ್ಮದು ವೀಣೆ ಮಾಡುವ ಮನೆ. ಗಿಟಾರ್ ಕೆಲಸ ನಾನು ಆಮೇಲೆ ಹಿಡಿದದ್ದು. ಫ್ರೆಟ್‌ಗಳ ವಿಚಾರವನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ವೀಣೆಯ 24 ಮೆಟ್ಟಿಲುಗಳನ್ನು ನಾವು ಇದ್ದಿಲ ಪುಡಿ ಬೆರೆಸಿದ ಮೇಣದ ಮೇಲೆ ಕೂರಿಸುತ್ತೇವೆ. ಕಿವಿಗೆ ಸರಿಬರುವ ತನಕ ಹಿಂದೆ ಮುಂದೆ ಜರುಗಿಸಬಹುದು. ವರ್ಷಗಳ ಮೇಲೆ ಮೇಣ ಕರಗಿ ಸ್ಥಾನ ತಪ್ಪಿದರೆ ಮತ್ತೆ ಮೇಳ ಕಟ್ಟಬಹುದು. ಗಿಟಾರಿನಲ್ಲಿ ಆ ಅವಕಾಶವಿಲ್ಲ. ಫಿಂಗರ್‌ಬೋರ್ಡಿನಲ್ಲಿ (ನೆಕ್‌ನ ಮೇಲೆ ಫ್ರೆಟ್‌ಗಳು ಕೂರುವ ಪಟ್ಟಿ) ಫ್ರೆಟ್ ಕೂರಿಸಲು ಸುಮಾರು 0.6 ಮಿ.ಮೀ. ಅಗಲದ ಸೀಳು ಕೊಯ್ದ ಮೇಲೆ ಆ ಸ್ವರಸ್ಥಾನ ಅಲ್ಲೇ ಉಳಿಯಿತು. ಆದ್ದರಿಂದ ಗರಗಸ ಹಿಡಿಯುವ ಮೊದಲು ಲೆಕ್ಕ ಮುಗಿದಿರಬೇಕು.

ಲೆಕ್ಕ ಸರಳ. ನಟ್‌ನಿಂದ ಸ್ಯಾಡಲ್‌ವರೆಗಿನ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್‌ನ ದೂರ ಬರುತ್ತದೆ; ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. 650 ಮಿ.ಮೀ. ಸ್ಕೇಲಿಗೆ ಮೊದಲ ಫ್ರೆಟ್ 36.48 ಮಿ.ಮೀ., ಎರಡನೆಯದು ನಟ್‌ನಿಂದ 70.92 ಮಿ.ಮೀ., ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 325 ಮಿ.ಮೀ.ಗೆ ಬರಬೇಕು. ಹನ್ನೆರಡನೆಯದು ಅಲ್ಲಿಗೆ ಬಾರದಿದ್ದರೆ ಎಲ್ಲೋ ಕೂಡುವುದರಲ್ಲಿ ತಪ್ಪಿದೆ. ಗುರುತು ಹಾಕುವಾಗ ಮಾತ್ರ ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯುತ್ತ ಹೋಗಬಾರದು. ಪ್ರತಿಯೊಂದನ್ನೂ ನಟ್‌ನ ತುದಿಯಿಂದಲೇ ಅಳೆಯಬೇಕು. ಇಲ್ಲವಾದರೆ ಒಂದೊಂದರಲ್ಲಿ ಆಗುವ ಸಣ್ಣ ದೋಷ ಹನ್ನೆರಡನೆಯ ಹೊತ್ತಿಗೆ ಒಟ್ಟುಗೂಡಿ ದೊಡ್ಡದಾಗುತ್ತದೆ.

ಇಷ್ಟೆಲ್ಲ ಕರಾರುವಾಕ್ಕಾಗಿ ಮಾಡಿದರೂ ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ಗಿಟಾರಿನ ಅಂತರ ಗಾಂಧಾರ ತುಸು ಏರಿದಂತೆಯೇ ಕೇಳಿಸುತ್ತದೆ. ಸಹಜ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ಸ್ (ಒಂದು ಸ್ಥಾಯಿಗೆ 1200 ಸೆಂಟ್ಸ್) ದೂರದಲ್ಲಿದ್ದರೆ, ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಗಿಟಾರಿನಲ್ಲಿ ಅದು 400. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್ಸ್, ಅದು ಗೊತ್ತೇ ಆಗದು. ಇದು ತಯಾರಕರ ದೋಷವಲ್ಲ, ಎಲ್ಲ ಶ್ರುತಿಗಳಲ್ಲೂ ನುಡಿಸಬೇಕೆಂದು ಮಾಡಿಕೊಂಡ ಒಪ್ಪಂದ. ವೀಣೆಯವರಾದ ನಮಗೆ ಇದಕ್ಕೆ ಒಗ್ಗಿಕೊಳ್ಳುವುದು ಕೊಂಚ ಕಷ್ಟವೇ.

ಇನ್ನೊಂದು ಮಾತು. ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಹಿಗ್ಗುವುದರಿಂದ ಸ್ವರ ಏರುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲನ್ನು ಲೆಕ್ಕದ ಸ್ಥಾನಕ್ಕಿಂತ ಎರಡು ಮೂರು ಮಿ.ಮೀ. ಹಿಂದೆ, ದಪ್ಪ ತಂತಿಯ ಕಡೆಗೆ ಇನ್ನೂ ಹಿಂದೆ, ಓರೆಯಾಗಿ ಇಡುತ್ತಾರೆ. ಬ್ರಿಜ್ ಮತ್ತೆ ಕೂರಿಸುವಾಗ ಅದನ್ನು ಒಂದು ಮಿ.ಮೀ. ಮುಂದೆ ಕೂರಿಸಿದರೂ ಹನ್ನೆರಡನೆಯ ಫ್ರೆಟ್‌ನ ಸ್ವರ ಏರುತ್ತದೆ ಎಂಬುದು ನಿಮ್ಮ ಈಗಿನ ದುರಸ್ತಿಗೂ ಸಂಬಂಧಿಸಿದ ವಿಷಯ.

ಹಲಸಿನಹಲಗೆ (ಶಿರಸಿ)

ಮರದ ಪ್ರಶ್ನೆಗೆ ನನ್ನ ಉತ್ತರ. ಗಿಟಾರಿನ ಬೆನ್ನು ಮತ್ತು ಪಕ್ಕೆಗಳಿಗೆ ಜಗತ್ತೆಲ್ಲ ಹುಡುಕುವ ಮರ ನಮ್ಮ ಪಶ್ಚಿಮ ಘಟ್ಟದ ಬೀಟೆಯೇ. 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲ್‌ನ ಬೀಟೆಯನ್ನು ಬಿಟ್ಟು ಭಾರತದ ಬೀಟೆಗೆ ಬದಲಾದ ಮೇಲೆ ಅದಕ್ಕೆ ಇನ್ನಷ್ಟು ಬೇಡಿಕೆ ಬಂತು. ಆದರೆ ಬೀಟೆ ನಮ್ಮ ಹಿತ್ತಿಲಲ್ಲೇ ಇದ್ದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. 2017ರ ಜನವರಿ 2ರಿಂದ ಬ್ರೆಜಿಲ್‌ನ ಬೀಟೆಯನ್ನು ಬಿಟ್ಟು ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳೂ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಎರಡನೆಯ ಅನುಬಂಧದಲ್ಲಿವೆ. ಬ್ರೆಜಿಲ್‌ನ ಬೀಟೆ 1992ರಿಂದಲೇ ಇನ್ನೂ ಕಠಿಣವಾದ ಮೊದಲ ಅನುಬಂಧದಲ್ಲಿದೆ. ತಯಾರಾದ ಸಂಗೀತ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಸಿಕ್ಕಿದೆ, ಆದರೆ ಅದು ಎರಡನೆಯ ಅನುಬಂಧದ ಮರಗಳಿಗೆ ಮಾತ್ರ, ಹಲಗೆಗಂತೂ ಇಲ್ಲ. ಹವ್ಯಾಸಿಗಳು ದಾಂಡೇಲಿಯಂತಹ ಸರ್ಕಾರಿ ನಾಟಾ ಡಿಪೊದ ಹರಾಜಿಗೆ ಹೋಗಿ ದಿಮ್ಮಿ ಕೂಗುವುದು ಆಗದ ಮಾತು. ಪೀಠೋಪಕರಣದ ಕಾರ್ಖಾನೆಗಳಲ್ಲಿ ಉಳಿದ ತುಂಡುಗಳನ್ನು ರಶೀದಿ ಸಮೇತ ಕೊಳ್ಳಿ, ರಶೀದಿ ಇಲ್ಲದ ಬೀಟೆಯನ್ನು ಮುಟ್ಟಲೇಬೇಡಿ. ಬೀಟೆಯ ಧೂಳು ಕೆಲವರಿಗೆ ಚರ್ಮದ ಮೇಲೆ ಗಂಧೆ ಏಳಿಸುತ್ತದೆ, ಉಸಿರಿಗೂ ಕೆಟ್ಟದ್ದು. ಒಳ್ಳೆಯ ಮಾಸ್ಕ್ ಇಲ್ಲದೆ ಉಜ್ಜಬೇಡಿ.

ನಿಜ ಹೇಳಬೇಕೆಂದರೆ ಮೊದಲ ಗಿಟಾರಿಗೆ ಬೀಟೆಯ ಹಂಬಲವೇ ಬೇಡ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಆಂಟೋನಿಯೋ ಡಿ ಟೊರ್ರೆಸ್, ನಾದ ಹುಟ್ಟುವುದು ಮುಖ್ಯವಾಗಿ ಮೇಲ್ಹಲಗೆಯಲ್ಲಿ ಎಂದು ತೋರಿಸಲು, 1862ರಲ್ಲಿ ಬೆನ್ನು ಮತ್ತು ಪಕ್ಕೆಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ ಒಂದು ಗಿಟಾರ್ ಕಟ್ಟಿದರು. ರಟ್ಟಿನಿಂದ ಆಗುವುದಾದರೆ ಹಲಸಿನಿಂದ ಏಕೆ ಆಗದು? ತಂಜಾವೂರಿನ ವೀಣೆಗಳಿಗೆ ಬಳಸುವುದು ಹಲಸನ್ನೇ. ಹಗುರ, ನಾದವಿದೆ, ಉಳಿಗೆ ಒಗ್ಗುತ್ತದೆ. ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕನ್ನು ಉಂಗುರಗಳು ಹಲಗೆಯ ಮುಖಕ್ಕೆ ಲಂಬವಾಗಿ ನಿಲ್ಲುವಂತೆ ಕೊಯ್ದರೆ ಬಹಳ ಸುಂದರವಾದ ಚುಕ್ಕೆ ಬರುತ್ತದೆ. ಹುಳ ಬೀಳದಂತೆ ನೋಡಿಕೊಳ್ಳಬೇಕು ಅಷ್ಟೇ. ಹಳೆಯ ಮನೆ ಕೆಡವುವಾಗ ಸಿಗುವ ತೊಲೆ ಮತ್ತು ಬಾಗಿಲುಗಳ ಮರ ದಶಕಗಳ ಕಾಲ ಒಣಗಿರುವುದರಿಂದ ನೆಕ್‌ಗೆ ಅದಕ್ಕಿಂತ ಒಳ್ಳೆಯದು ಸಿಗದು, ಮೊಳೆಗಳನ್ನು ಮಾತ್ರ ಹುಡುಕಿ ತೆಗೆಯಬೇಕು.

ಮೇಲ್ಹಲಗೆಗೆ ಸ್ಪ್ರೂಸ್ ಅಥವಾ ಸೀಡರನ್ನು ಹೊರಗಿನಿಂದ ತರಿಸುವುದೇ ಸರಿ. ಉಕ್ಕಿನ ತಂತಿಯ ಗಿಟಾರಿಗೆ ಸ್ಪ್ರೂಸ್ ಹಲಗೆ 2.8ರಿಂದ 3 ಮಿ.ಮೀ. ದಪ್ಪ ಇರಲಿ, ಪಕ್ಕೆಗಳು 2 ಮಿ.ಮೀ.ಗಿಂತ ತುಸು ಹೆಚ್ಚು. ಬ್ರೇಸ್ ಅಂಟಿಸುವಾಗ ಒತ್ತಿ ಹಿಡಿಯಲು ಅಷ್ಟೊಂದು ಕ್ಲಾಂಪ್ ಬೇಕಿಲ್ಲ. ಮೇಜಿಗೂ ಅದರ ಮೇಲೆ ಕಟ್ಟಿದ ಅಟ್ಟಣೆಗೂ ನಡುವೆ ಬಿದಿರಿನ ದಬ್ಬೆಗಳನ್ನು ಬಿಲ್ಲಿನಂತೆ ಬಗ್ಗಿಸಿ ಸಿಕ್ಕಿಸಿದರೆ ಒಂದೊಂದು ದಬ್ಬೆಯೂ ಬ್ರೇಸನ್ನು ಗಟ್ಟಿಯಾಗಿ ಒತ್ತುತ್ತದೆ. ನಮ್ಮ ಕಡೆ ಅಡಿಕೆ ದಬ್ಬೆ ಹೇರಳವಾಗಿದೆ, ಆದರೆ ಅದು ಬಿದಿರಿನಷ್ಟು ಬಾಗುವುದಿಲ್ಲ.

ಕರಾವಳಿತಂತಿ (ಉಡುಪಿ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಅಳತೆಗಳು ಹೀಗಿವೆ: ಕಾಗದ ಬ್ರಿಜ್‌ನ ಕೆಳಗೆ 14 ಮಿ.ಮೀ. ಒಳಗೆ, ಬಹುತೇಕ ಪಿನ್ನುಗಳವರೆಗೆ ಹೋಗುತ್ತದೆ. ಬ್ರಿಜ್ ಪ್ಲೇಟ್‌ನಲ್ಲಿ ಬಿರುಕಿಲ್ಲ, ಆದರೆ ಅದರ ಹಿಂದಿನ ಒಂದು ಬ್ರೇಸ್‌ನ ತುದಿ ಹಲಗೆಯಿಂದ ಬಿಟ್ಟಿದೆ. ತಟ್ಟಿದರೆ ಸದ್ದು ಬರುತ್ತದೆ. ನೆಕ್‌ನ ಬಾಗು 0.25 ಮಿ.ಮೀ. ಸಂದಿಯಲ್ಲಿ ಟಾರ್ಚ್ ಹಿಡಿದು ನೋಡಿದಾಗ ಬ್ರಿಜ್‌ನ ಅಡಿಯಲ್ಲಿ ಹೊಳಪಿನ ಪಾಲಿಶ್ ಹಾಗೆಯೇ ಕಾಣುತ್ತದೆ, ಅಂದರೆ ಕಾರ್ಖಾನೆಯಲ್ಲಿ ಪಾಲಿಶ್‌ನ ಮೇಲೆಯೇ ಬ್ರಿಜ್ ಅಂಟಿಸಿದ್ದಾರೆ. ಆರ್ದ್ರತಾಮಾಪಕವನ್ನು ಉಪ್ಪಿನಿಂದ ಪರೀಕ್ಷಿಸಿದೆ, 4 ಹೆಚ್ಚು ತೋರಿಸುತ್ತಿತ್ತು. ಮುಂದಿನ ಕ್ರಮವನ್ನು ತಿಳಿಸಬೇಕು.

ಉಳಿಸುತ್ತಿಗೆ (ಬೆಂಗಳೂರು)

ಕಾರಣ ಸಿಕ್ಕಿತು. ಅಂಟು ಮರವನ್ನು ಹಿಡಿದಿರಲೇ ಇಲ್ಲ, ಪಾಲಿಶನ್ನು ಹಿಡಿದಿತ್ತು. ಜೊತೆಗೆ ಬ್ರೇಸ್ ಬಿಟ್ಟದ್ದರಿಂದ ಹಲಗೆ ಉಬ್ಬಿ, ಚಪ್ಪಟೆ ತಳದ ಬ್ರಿಜ್ಜನ್ನು ಹಿಂದಿನಿಂದ ಎತ್ತಿದೆ.

ಮೊದಲು ಪಿನ್ನು ಮತ್ತು ಸ್ಯಾಡಲ್ ತೆಗೆಯಿರಿ. ಬ್ರಿಜ್‌ನ ಮೇಲೆ ಮುತ್ತಿನ ಬಣ್ಣದ ಚುಕ್ಕೆಗಳಿದ್ದರೆ ಅವುಗಳ ಕೆಳಗೆ ಬೋಲ್ಟ್ ಅಡಗಿರಬಹುದು, ಎಬ್ಬಿಸಿ ನೋಡಿ. ಬ್ರಿಜ್‌ನ ಸುತ್ತಲೂ ಅಲ್ಯೂಮಿನಿಯಂ ಹಾಳೆ ಸುತ್ತಿದ ರಟ್ಟನ್ನು ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಮಧ್ಯಮ ಬಿಸಿಯಲ್ಲಿ ಬ್ರಿಜ್‌ನ ಮೇಲೆ ಮಾತ್ರ ಇಡಿ. ಆಗಾಗ ಎತ್ತಿ, ತೆಳುವಾದ ಪ್ಯಾಲೆಟ್ ಚಾಕುವನ್ನು ಬಿಸಿ ಮಾಡಿ ಸಂದಿಯಲ್ಲಿ ತೂರಿಸಿ. ಬಲವಂತ ಬೇಡ. ಚಾಕುವಿನ ತುದಿಗೆ ಮರದ ನಾರು ಎದ್ದು ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಎದುರು ಬದಿಯಿಂದ ಬನ್ನಿ. ಎಳೆ ಹಲಗೆಯ ಮೇಲ್ಮೈಗೆ ಓರೆಯಾಗಿ ಸಾಗುವುದರಿಂದ ಒಂದು ದಿಕ್ಕಿನಲ್ಲಿ ಚಾಕು ಮರದೊಳಗೆ ಇಳಿಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಜಾರಿ ಮೇಲೆ ಬರುತ್ತದೆ. ಇಡೀ ದುರಸ್ತಿಯಲ್ಲಿ ತಾಳ್ಮೆ ಬೇಕಾದ ಘಟ್ಟ ಇದೊಂದೇ.

ಬ್ರಿಜ್ ಬಂದ ಮೇಲೆ ಬಿಟ್ಟ ಬ್ರೇಸನ್ನು ಮೊದಲು ಸರಿಪಡಿಸಿ. ಸಂದಿಗೆ ತೆಳುವಾದ ಕಾಗದದ ಪಟ್ಟಿಯಿಂದ ಅಂಟು ಒಳಗೆ ಒಯ್ದು, ಒಳಗಿನಿಂದ ಚಿಕ್ಕ ಕ್ಲಾಂಪ್ ಅಥವಾ ತಿರುಪಿನ ಜ್ಯಾಕ್ ಹಾಕಿ ಒಂದು ದಿನ ಬಿಡಿ. ಆಮೇಲೆ ಬ್ರಿಜ್ಜನ್ನು ಎರಡು ತುದಿಯ ಪಿನ್ನುಗಳ ಆಧಾರದ ಮೇಲೆ ಅದರ ಸ್ಥಾನದಲ್ಲಿಟ್ಟು, ಸುತ್ತಲೂ ಪಾಲಿಶ್‌ಗೆ ಮಾತ್ರ ತಾಗುವಂತೆ ಹಗುರವಾಗಿ ಗೆರೆ ಹಾಕಿ; ಮರದ ನಾರು ಕತ್ತರಿಸಿದರೆ ಹಲಗೆ ಅಲ್ಲೇ ದುರ್ಬಲವಾಗುತ್ತದೆ. ಗೆರೆಯೊಳಗಿನ ಪಾಲಿಶನ್ನು ಹರಿತವಾದ ಉಳಿಯ ಅಂಚಿನಿಂದ ಕೆರೆದು ಮರ ಕಾಣುವಂತೆ ಮಾಡಿ. ಹಲಗೆಯ ಮೇಲೆ 120 ನಂಬರಿನ ಸ್ಯಾಂಡ್ ಪೇಪರನ್ನು ಮುಖ ಮೇಲಾಗಿಟ್ಟು ಬ್ರಿಜ್‌ನ ತಳವನ್ನು ಅದರ ಮೇಲೆ ಉಜ್ಜಿದರೆ ತಳ ಹಲಗೆಯ ಕಮಾನಿಗೆ ಸರಿಯಾಗಿ ಹೊಂದಿಕೊಳ್ಳುತ್ತದೆ.

ಅಂಟು ಹಚ್ಚುವ ಮುನ್ನ ಒಮ್ಮೆ ಎಲ್ಲ ಕ್ಲಾಂಪ್‌ಗಳನ್ನೂ ಒಣದಾಗಿಯೇ ಹಾಕಿ ಬಿಗಿದು ನೋಡಿ. ಒಳಗಿನಿಂದ ಬ್ರೇಸ್‌ಗಳಿಗೆ ತಗಲದಂತೆ ಕೊಯ್ದ ಆಸರೆ ತುಂಡು ಬೇಕಾಗುತ್ತದೆ. ಆಮೇಲೆ ಅಂಟು ಹಚ್ಚಿ, ಬಿಗಿದು, ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ತಕ್ಷಣ ಒರೆಸಿ. ಇಪ್ಪತ್ತನಾಲ್ಕು ಗಂಟೆ ಕ್ಲಾಂಪ್‌ನಲ್ಲಿ, ಇನ್ನೊಂದು ದಿನ ತಂತಿಯಿಲ್ಲದೆ. ಮಳೆ ಬಿಡದಿದ್ದರೆ ಹಿಮದೂರು ಅವರು ಹೇಳಿದ ಪೆಟ್ಟಿಗೆಯಲ್ಲಿ ಗಿಟಾರನ್ನು ಮೊದಲು ಒಂದು ವಾರ ಇಟ್ಟು ಆಮೇಲೆ ಅಂಟಿಸಿ.

ತಂತಿ ಹಾಕಿದ ಮೇಲೆ ಎತ್ತರ ಮತ್ತೆ ಅಳೆಯಿರಿ. ಬ್ರಿಜ್ ಕೆಳಗೆ ಕೂತು ಹಲಗೆ ಇಳಿದರೆ 4.5 ತಾನಾಗಿಯೇ 3.5ರ ಆಸುಪಾಸಿಗೆ ಬರಬಹುದು. ಉಳಿದದ್ದನ್ನು ಸ್ಯಾಡಲಿನ ತಳ ಉಜ್ಜಿ ಇಳಿಸಬೇಕು. ಹನ್ನೆರಡನೆಯ ಫ್ರೆಟ್‌ನಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲಿನಲ್ಲಿ 2 ಮಿ.ಮೀ. ಉಜ್ಜಬೇಕಾಗುತ್ತದೆ, ಏಕೆಂದರೆ ಆ ಫ್ರೆಟ್ ಇರುವುದು ತಂತಿಯ ನಟ್ಟನಡುವೆ. ಅಷ್ಟು ಉಜ್ಜಿದರೆ ಸ್ಯಾಡಲೇ ಮುಗಿದುಹೋಗುವಂತಿದ್ದರೆ ನೆಕ್‌ನ ಕೋನ ತಪ್ಪಿದೆ ಎಂದರ್ಥ. ಆಗ ಇಲ್ಲಿಯೇ ಬರೆಯಿರಿ, ಅದು ಬೇರೆಯದೇ ಕೆಲಸ.

ವೀಣೆಮೇಣ (ಮೈಸೂರು)

ಒಂದು ಸೇರ್ಪಡೆ: ಸ್ಯಾಡಲ್ ಉಜ್ಜುವ ಮೊದಲು ನಟ್ ನೋಡಿಕೊಳ್ಳಿ. ಮೂರನೆಯ ಫ್ರೆಟ್‌ನಲ್ಲಿ ತಂತಿ ಒತ್ತಿದಾಗ ಮೊದಲ ಫ್ರೆಟ್‌ನ ಮೇಲೆ ಕೂದಲೆಳೆಯಷ್ಟು ಸಂದು ಉಳಿಯಬೇಕು. ಅದಕ್ಕಿಂತ ಹೆಚ್ಚಿದ್ದರೆ ಬಾರ್ ಕಾರ್ಡ್ ಕಷ್ಟವಾಗಲು ಅರ್ಧ ಕಾರಣ ಅಲ್ಲಿಯೇ ಇದೆ. ನಟ್ ಕೊರೆಯುವ ಅರಗಳು ದುಬಾರಿಯಾದರೆ, ಗ್ಯಾಸ್ ವೆಲ್ಡಿಂಗ್‌ನವರು ನಳಿಗೆಯ ತೂತು ಶುಚಿಮಾಡಲು ಬಳಸುವ ಸಣ್ಣ ಒರಟು ಕಡ್ಡಿಗಳ ಕಟ್ಟು ಸಿಗುತ್ತದೆ. ತೆಳು ತಂತಿಗಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಕರಾವಳಿತಂತಿ (ಉಡುಪಿ)

ಎಲ್ಲವನ್ನೂ ಬರೆದಿಟ್ಟುಕೊಂಡೆ. ಪೆಟ್ಟಿಗೆಯ ಕೆಲಸ ಈ ವಾರ ಆರಂಭಿಸುತ್ತೇನೆ. ನಮ್ಮ ಹಿತ್ತಿಲಲ್ಲಿ ಗಾಳಿಗೆ ಬಿದ್ದ ಹಲಸಿನ ಮರವೊಂದಿದೆ. ಮುಂದಿನ ಗಿಟಾರಿಗೆ ಅದನ್ನು ಈಗಲೇ ಕೊಯ್ಸಿಡಬಹುದೇ?

ಹಲಸಿನಹಲಗೆ (ಶಿರಸಿ)

ತಡಮಾಡದೆ ಕೊಯ್ಸಿ, ಬಿದ್ದ ಮರ ಮಳೆಯಲ್ಲಿ ನೆನೆದರೆ ಹುಳ ಹಿಡಿಯುತ್ತದೆ. ಸಾಮಿಲ್ಲಿನವರಿಗೆ ಹಲಗೆಯನ್ನು ಒಂದು ಇಂಚಿಗಿಂತ ತೆಳುವಾಗಿ ಕೊಯ್ಯಬೇಡಿ ಎನ್ನಿ, ಒಣಗುವಾಗ ಸೊಟ್ಟಗಾಗುವುದನ್ನು ತೆಗೆಯಲು ದಪ್ಪ ಬೇಕು. ಎರಡೂ ತುದಿಗಳಿಗೆ ಮೇಣ ಅಥವಾ ಹಳೆಯ ಪೇಂಟ್ ಬಳಿದು, ಹಲಗೆಗಳ ನಡುವೆ ಒಂದೇ ದಪ್ಪದ ರೀಪು ಕೊಟ್ಟು, ಮಾಡಿನ ಕೆಳಗೆ ಗಾಳಿಯಾಡುವಂತೆ ಪೇರಿಸಿ. ಒಂದು ಹಲಗೆಯನ್ನು ತಿಂಗಳಿಗೊಮ್ಮೆ ತೂಗಿ, ತೂಕವನ್ನು ಅದರ ಮೇಲೆಯೇ ಬರೆಯುತ್ತ ಬನ್ನಿ. ತೂಕ ಇಳಿಯುವುದು ನಿಂತ ಮೇಲೆ ತೆಳುವಾಗಿ ಸೀಳಿಸಿ, ಪೆಟ್ಟಿಗೆಗೆ ಹಾಕಿ.